ನೀಲಿ ಎಳೆ ಎಲ್ಲಿಗೆ ಹೋಗಿತ್ತು

ಸಾಗರದಲ್ಲಿ ಕಂಪ್ಯೂಟರ್ ರಿಪೇರಿಗೆ ಕೂತವನಿಗೆ ಪಂಚಾಂಗ ನೋಡಲು ಬರಬೇಕು ಎಂಬುದು ಅಲ್ಲಿನ ಒಬ್ಬ ರಿಪೇರಿಯವನ ಹಳೆಯ ಮಾತು. ಕೇಳಿದವರು ನಗುತ್ತಾರೆ. ಆದರೆ ಅಂಗಡಿಯಲ್ಲಿ ಆತ ವರ್ಷಗಟ್ಟಲೆ ಬರೆದಿಟ್ಟ ಕೆಲಸದ ಪುಸ್ತಕ ತಿರುವಿದರೆ ಅದು ಬರೀ ತಮಾಷೆಯಲ್ಲ ಅನ್ನಿಸುತ್ತದೆ. ಏಪ್ರಿಲ್ ಕೊನೆಗೆ ಭರಣಿ ಮಳೆ ಶುರುವಾಗುತ್ತಿದ್ದಂತೆ ಸಿಡಿಲಿಗೆ ಸುಟ್ಟ ಪೋರ್ಟುಗಳು. ಆರಿದ್ರಾ, ಪುನರ್ವಸು ಹೊತ್ತಿಗೆ ಕಿಲುಬು ಹಿಡಿದ ಪ್ಲಗ್ಗುಗಳು. ಜುಲೈ, ಆಗಸ್ಟಿನಲ್ಲಿ ಲೈನಿನ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದೆ ದಿನಾಂಕವೇ ತಪ್ಪಿದ ಯಂತ್ರಗಳು. ಚಿತ್ತೆ ಮಳೆಗೆ ಮತ್ತೆ ಸಿಡಿಲು. ಚಳಿಗಾಲ, ಬೇಸಿಗೆಯ ಪುಟಗಳಲ್ಲಿ ಹೆಚ್ಚಿನ ಪಾಲು ಇಲಿಗಳದು. ದೂರು ಮಾತ್ರ ಎಲ್ಲ ತಿಂಗಳೂ ಒಂದೇ: ನೆಟ್ ಇಲ್ಲ.

ಆತನ ಕೈಗೆ ಮೊದಲ ರಾಸ್ಪ್‌ಬೆರಿ ಪೈ ಬಂದದ್ದು ಬೆಂಗಳೂರಿನಿಂದ ಹಬ್ಬಕ್ಕೆ ಬಂದ ಸೋದರಳಿಯನ ಚೀಲದಲ್ಲಿ. 2012ರ ಫೆಬ್ರವರಿ 29ರಂದು ಬ್ರಿಟನ್ನಿನಲ್ಲಿ ಮಾರಾಟಕ್ಕೆ ಬಂದ, ಎಟಿಎಂ ಕಾರ್ಡಿನಷ್ಟೇ ಅಗಲದ ಕಂಪ್ಯೂಟರ್ ಬೋರ್ಡು. ಡಬ್ಬಿಯಿಲ್ಲ, ಕೀಬೋರ್ಡಿಲ್ಲ, ಸ್ವಿಚ್ಚೂ ಇಲ್ಲ. ಮೆಮೊರಿ ಕಾರ್ಡಿಗೆ ಲಿನಕ್ಸ್ ತುಂಬಿ ಮೊಬೈಲ್ ಚಾರ್ಜರ್ ಚುಚ್ಚಿದರೆ ಓಡುತ್ತದೆ. ಆತನಿಗೆ ಹಿಡಿಸಿದ್ದು ಅದರ ಮೂಲೆಯಲ್ಲಿ ಸಾಲಾಗಿದ್ದ ಐದು ದೀಪಗಳು. ಒಂದು ಕರೆಂಟಿಗೆ, ಒಂದು ಮೆಮೊರಿ ಕಾರ್ಡಿಗೆ, ಉಳಿದ ಮೂರೂ ತಂತಿಯ ನೆಟ್‌ವರ್ಕಿಗೆ: ಲಿಂಕ್ ಸಿಕ್ಕಿದೆಯೇ, ಎರಡೂ ದಿಕ್ಕಿಗೆ ಒಟ್ಟಿಗೇ ಮಾತು ನಡೆಯುತ್ತಿದೆಯೇ, ವೇಗ 100 ಮೆಗಾಬಿಟ್ ಇದೆಯೇ. ಮಾನಿಟರ್ ಜೋಡಿಸದೆ, ಒಂದಕ್ಷರ ಟೈಪ್ ಮಾಡದೆ ಇಷ್ಟು ತಿಳಿಯುತ್ತಿತ್ತು. ಆಮೇಲಿನ ಮಾದರಿಗಳಲ್ಲಿ ನೆಟ್‌ವರ್ಕಿನ ದೀಪಗಳು ಎರಡಕ್ಕಿಳಿದು ಈಥರ್ನೆಟ್ ಪೋರ್ಟಿನ ಮೈಯೊಳಗೆ ಸೇರಿಕೊಂಡವು. ಅದು ಅನ್ಯಾಯ ಎಂದು ಆತ ಈಗಲೂ ಗೊಣಗುತ್ತಾನೆ.

ಆ ಮೊದಲ ಬೋರ್ಡಿನಲ್ಲಿ ಒಂದು ವಿಚಿತ್ರವೂ ಇತ್ತು. ತಂತಿಯ ನೆಟ್‌ವರ್ಕಿಗೂ ಯುಎಸ್‌ಬಿ ಕಿಂಡಿಗಳಿಗೂ ಒಂದೇ ಚಿಪ್. ಹಾಗಾಗಿ ಚಾರ್ಜರು ಸೊರಗಿದರೆ ಮೊದಲು ತಪ್ಪುತ್ತಿದ್ದುದು ನೆಟ್. ಐದು ವೋಲ್ಟ್ ಎಂದು ಬರೆದಿದ್ದರೂ ಸಪೂರ ವೈರಿನಲ್ಲಿ ಸೋರಿ ಬೋರ್ಡಿಗೆ ತಲುಪುವಷ್ಟರಲ್ಲಿ ನಾಲ್ಕೂವರೆಗೆ ಇಳಿದಿರುತ್ತಿತ್ತು. 2014ರ ಬಿ ಪ್ಲಸ್ ಮಾದರಿಯಿಂದ ಈಚೆಗೆ, ವೋಲ್ಟೇಜು 4.63ಕ್ಕಿಂತ ಕೆಳಗಿಳಿದರೆ ಕೆಂಪು ದೀಪ ಆರುವ ವ್ಯವಸ್ಥೆ ಬಂತು. ಗಿರಾಕಿಗಳು ರೂಟರನ್ನು ಬೈಯುತ್ತಿದ್ದಾಗ ಆತ ಚಾರ್ಜರಿನ ವೈರನ್ನು ಬದಲಿಸಿ ಸುಮ್ಮನೆ ಕೂರುತ್ತಿದ್ದ. ಅರ್ಧ ಗಂಟೆಯಾದರೂ ನೆಟ್ ತಪ್ಪದಿದ್ದರೆ ಗಿರಾಕಿ ತಾನೇ ಎದ್ದು ಹೋಗುತ್ತಿದ್ದ.

ಈ ಕಾಲದಲ್ಲೂ ತಂತಿ ಯಾಕೆ ಎಂದು ಪೇಟೆಯವರು ಕೇಳಬಹುದು. ಸಾಗರ, ಹೊಸನಗರ, ತೀರ್ಥಹಳ್ಳಿಯ ಒಳಹಳ್ಳಿಗಳಲ್ಲಿ ಮೊಬೈಲ್ ಸಿಗ್ನಲ್ ಎಂಬುದು ಗುಡ್ಡದ ಯಾವ ಬದಿಗೆ ಮನೆಯಿದೆ ಎಂಬುದರ ಮೇಲೆ ನಿಂತಿದೆ. ಕೋವಿಡ್ ಕಾಲದಲ್ಲಿ ಮಕ್ಕಳು ಆನ್‌ಲೈನ್ ಪಾಠಕ್ಕೆಂದು ಕೊಡೆ ಹಿಡಿದು ಗುಡ್ಡ ಹತ್ತಿದ್ದು, 2021ರಲ್ಲಿ ನೆಟ್‌ವರ್ಕ್ ಕೊಡದಿದ್ದರೆ ಓಟು ಹಾಕುವುದಿಲ್ಲ ಎಂದು ಇಲ್ಲಿನ ಊರುಗಳು ಅಭಿಯಾನವನ್ನೇ ಹೂಡಿದ್ದು ಪತ್ರಿಕೆಗಳಲ್ಲಿ ಬಂದಿದೆ. ಫೈಬರ್ ಯಾರ ಮನೆಗೆ ಮೊದಲು ಬಂತೋ ಅಲ್ಲಿಂದ ಪಕ್ಕದ ಮನೆಗೆ, ಅಲ್ಲಿಂದ ಅಡಿಕೆ ಬೇಯಿಸುವ ಕೊಟ್ಟಿಗೆಗೆ ನೀಲಿ ಬಣ್ಣದ ಕೇಬಲ್ ಎಳೆದರು. ತಾಮ್ರದ ಈಥರ್ನೆಟ್ ಕೇಬಲಿಗೆ ನೂರು ಮೀಟರಿನ ಮಿತಿ ಎಂದು ನಿಯಮ ಹೇಳುತ್ತದೆ. ತೋಟದ ಕಾಲುವೆ ಆ ನಿಯಮ ಓದಿರುವುದಿಲ್ಲ. ಅದರ ಗುಂಟ ಹೋದ ಕೇಬಲ್ ನೂರನ್ನು ದಾಟಿಯೂ ಕೆಲವು ಕಡೆ ಹೇಗೋ ಓಡುತ್ತಿತ್ತು, 10 ಮೆಗಾಬಿಟ್ಟಿನಲ್ಲಿ ತೆವಳುತ್ತ.

ಆತನ ನೆನಪಿನಲ್ಲಿ ಗಟ್ಟಿಯಾಗಿ ಉಳಿದದ್ದು ಹೊಸನಗರ ತಾಲ್ಲೂಕಿನಲ್ಲಿ, ನಗರ ಎಂಬ ಊರಿನ ಕಡೆ ಹೋಗುವ ದಾರಿಯಿಂದ ಒಳಗೆ ಸರಿದ ಒಂದು ತೋಟದ ಮನೆ. ಮನೆಯ ಹಿರಿಯರಿಗೆ ಮಳೆ ಬರೆದಿಡುವ ಅಭ್ಯಾಸ. ಮಲೆನಾಡಿನಲ್ಲಿ ಇದು ಹುಚ್ಚಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕಾದರೆ ಮಳೆ ಎಷ್ಟು ಬಂತು, ಹೊಳವು ಎಷ್ಟು ಹೊತ್ತು ಕೊಟ್ಟಿತು ಎಂಬುದೇ ಲೆಕ್ಕ; ಮರ ಹತ್ತುವ ಕೊನೆಗೌಡ ಸಿಗುವುದು ಆಮೇಲಿನ ಮಾತು. ಹುಲಿಕಲ್, ಮಾಸ್ತಿಕಟ್ಟೆಗಳು ಪ್ರತಿವರ್ಷ ಆಗುಂಬೆಯ ಜೊತೆ ಪೈಪೋಟಿಗೆ ಬೀಳುವ ಸೀಮೆ ಅದು. ಆಗುಂಬೆಯ ವರ್ಷದ ಮಳೆಯೇ ಸರಾಸರಿ ಏಳು ಸಾವಿರ ಮಿಲಿಮೀಟರ್ ಮೀರುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳಲ್ಲಿ ನಿಲ್ಲಿಸಿದ ಮಳೆಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ, ನಿಜ. ಆದರೆ ಗುಡ್ಡದ ಆಚೆ ಸುರಿದದ್ದು ಈಚೆ ಸುರಿಯಬೇಕೆಂದಿಲ್ಲ. ಹಾಗಾಗಿ ಆ ಮನೆಯ ಮಗ ಅಂಗಳದಾಚೆಯ ಕೊಟ್ಟಿಗೆಯ ಮಾಡಿನ ಮೇಲೆ, ನೀರು ತುಂಬಿದಾಗ ಮಗುಚುವ ಪುಟ್ಟ ತೊಟ್ಟಿಯ ಮಾಪಕ ಇಟ್ಟು, ಒಳಗೆ ಅಟ್ಟದಲ್ಲಿ ಒಂದು ಪೈ ಕೂರಿಸಿದ್ದ. ತೊಟ್ಟಿ ಮಗುಚಿದಾಗಲೆಲ್ಲ ಒಂದು ಎಣಿಕೆ. ಅದು ಕೇಬಲ್ ಹಿಡಿದು ಜಗಲಿಯ ರೂಟರಿಗೆ, ಅಲ್ಲಿಂದ ಹೈದರಾಬಾದಿನಲ್ಲಿದ್ದ ಮಗನ ಫೋನಿಗೆ.

ವರ್ಷಗಟ್ಟಲೆ ಓಡಿದ ಹಳೆಯ ಪೈ ಒಂದು ದಿನ ನಿಂತಿತು. ಮೆಮೊರಿ ಕಾರ್ಡ್ ಸತ್ತಿತ್ತು. ಹೇಗೂ ತೆಗೆಯುತ್ತೇವಲ್ಲ ಎಂದು ಮಗ 2019ರಲ್ಲಿ ಬಂದ ನಾಲ್ಕನೆಯ ಮಾದರಿ ತರಿಸಿಕೊಟ್ಟ. ಅದನ್ನು ಅದೇ ಕೇಬಲಿಗೆ ಹಾಕಿದರೆ ನೆಟ್ ಇಲ್ಲ. ಹಳೆಯದಕ್ಕೆ ಹೊಸ ಕಾರ್ಡು ತುಂಬಿಸಿ ಅದೇ ಕೇಬಲಿಗೆ ಹಾಕಿದರೆ ಇದೆ! ಹೊಸ ಪೈಯನ್ನು ಜಗಲಿಗೆ ತಂದು ಬೇರೆ ಚಿಕ್ಕ ಕೇಬಲಿನಲ್ಲಿ ರೂಟರಿಗೆ ಚುಚ್ಚಿದರೆ ಅಲ್ಲೂ ಇದೆ. ಯಂತ್ರವೂ ಸರಿ, ಕೇಬಲೂ ಸರಿ, ಎರಡೂ ಸೇರಿದರೆ ತಪ್ಪು.

"ಹಳೇದು ಸಮಾ ಓಡ್ತಾ ಇದ್ದಿತ್ತು, ಹೊಸದಕ್ಕೆ ಎಂತ ಆತಾ ಮಾಣಿ?" ಎಂದು ಹಿರಿಯರು ಕೇಳಿದ್ದು ಆತನಿಗೆ ಹಾಗೇ ನೆನಪಿದೆ. ಬ್ಯಾಗು ಕೆಳಗಿಡುವ ಮೊದಲೇ, "ಮೊದ್ಲು ಕಷಾಯ ಕುಡಿ, ಆಮೇಲೆ ನೋಡ್ಲಕ್ಕು."

ಕಷಾಯದ ಲೋಟ ಹಿಡಿದೇ ಆತ ಅಟ್ಟ ಹತ್ತಿದ. ಪೋರ್ಟಿನ ದೀಪ ಹೊತ್ತುತ್ತಿತ್ತು, ಆರುತ್ತಿತ್ತು, ಮತ್ತೆ ಹೊತ್ತುತ್ತಿತ್ತು. ಲ್ಯಾಪ್‌ಟಾಪಿನಿಂದ ವೈಫೈ ಮೂಲಕ ಒಳಹೊಕ್ಕು ಡಿ-ಮೆಸೇಜ್ ಆಜ್ಞೆ ಕೊಟ್ಟರೆ ಕರ್ನಲ್ಲಿನ ದಿನಚರಿಯಲ್ಲೂ ಅದೇ ಪಾಡು: ಲಿಂಕ್ ಬಂತು, ಹೋಯಿತು, ಬಂತು, ಹೋಯಿತು. ಲಿಂಕೇ ನಿಲ್ಲದಿದ್ದ ಮೇಲೆ ಐಪಿ ವಿಳಾಸ, ಡಿಎನ್‌ಎಸ್, ಫೈರ್‌ವಾಲ್ ಯಾವುದನ್ನೂ ಮುಟ್ಟುವ ಹಾಗಿಲ್ಲ. ಮನೆಯವರು ಆಗಲೇ ಎಲ್ಲವನ್ನೂ ಮುಟ್ಟಿ ಮುಗಿಸಿದ್ದರು ಅನ್ನುವುದು ಬೇರೆ. ಆತ ಬ್ಯಾಗಿನಿಂದ ತೆಗೆದದ್ದು ಎರಡು ತುಂಡಿನ ಕೇಬಲ್ ಟೆಸ್ಟರ್. ಒಂದು ತುಂಡು ಜಗಲಿಯಲ್ಲಿ, ಇನ್ನೊಂದು ಅಟ್ಟದಲ್ಲಿ. ಎಂಟು ಎಳೆಗೆ ಎಂಟು ದೀಪ ಸರದಿಯಂತೆ ಮಿನುಗಬೇಕು. ಒಂದು, ಎರಡು, ಮೂರು ಹೊತ್ತಿದವು. ನಾಲ್ಕು, ಐದು ಕತ್ತಲೆ. ಆರು ಹೊತ್ತಿತು. ಏಳು, ಎಂಟು ಮತ್ತೆ ಕತ್ತಲೆ.

ಇಲಿ ಕಡಿದರೆ ಇಷ್ಟು ಅಚ್ಚುಕಟ್ಟಾಗಿ ಕಡಿಯುವುದಿಲ್ಲ. ಪ್ಲಗ್ಗು ಕತ್ತರಿಸಿ ನೋಡಿದರೆ ಒಳಗೆ ಕಿತ್ತಳೆ ಜೋಡಿ, ಹಸಿರು ಜೋಡಿ ಮಾತ್ರ. ನೀಲಿ ಮತ್ತು ಕಂದು ಜೋಡಿಗಳು ಪ್ಲಗ್ಗಿಗೆ ಬಂದೇ ಇರಲಿಲ್ಲ. ಕೇಬಲನ್ನು ಕೈಯಲ್ಲಿ ಸವರುತ್ತ ಹೋದಾಗ ಸೂರಿನಡಿ ಕಪ್ಪು ಟೇಪು ಸುತ್ತಿದ ಗಂಟು. ಅಲ್ಲಿಂದ ನೀಲಿ, ಕಂದು ಎಳೆಗಳು ಬೇರೆಯಾಗಿ ಕೊಟ್ಟಿಗೆಯ ಬಾಗಿಲ ಮೇಲಿನ ಕ್ಯಾಮೆರಾಕ್ಕೆ 12 ವೋಲ್ಟ್ ಒಯ್ಯುತ್ತಿದ್ದವು. ಅಡಿಕೆ ಕಳವಿನ ಭಯಕ್ಕೆ ಹಿಂದೆ ಯಾರನ್ನೋ ಕರೆಸಿ ಕ್ಯಾಮೆರಾ ಹಾಕಿಸಿದ್ದರು. ಹೊಸ ವೈರು ಎಳೆಯುವ ಬದಲು, ಕೆಲಸವಿಲ್ಲದೆ ಕೂತಿದ್ದ ನಾಲ್ಕು ಎಳೆಗಳನ್ನು ಬಂದವರು ದುಡಿಸಿಕೊಂಡಿದ್ದರು. ಒಳ್ಳೆಯ ಬುದ್ಧಿವಂತಿಕೆಯೇ, ಆ ದಿನಕ್ಕೆ.

100 ಮೆಗಾಬಿಟ್ಟಿನ ಈಥರ್ನೆಟ್ಟಿಗೆ ಬೇಕಾದದ್ದು ಎರಡೇ ಜೋಡಿ. ಒಂದು, ಎರಡು, ಮೂರು, ಆರನೆಯ ಎಳೆಗಳು. ಹಳೆಯ ಪೈಯ ತಾಕತ್ತು ಅಷ್ಟೇ ಆದ್ದರಿಂದ ಅದಕ್ಕೆ ಕೊರತೆ ಗೊತ್ತೇ ಆಗಿರಲಿಲ್ಲ. ಹೊಸದು ಗಿಗಾಬಿಟ್ಟಿನದು. ಅದಕ್ಕೆ ನಾಲ್ಕೂ ಜೋಡಿ ಬೇಕು. ತಮಾಷೆಯೆಂದರೆ ಯಾವ ವೇಗದಲ್ಲಿ ಮಾತಾಡೋಣ ಎಂಬ ಆರಂಭದ ಒಪ್ಪಂದ ನಡೆಯುವುದು ಕಿತ್ತಳೆ, ಹಸಿರು ಜೋಡಿಗಳ ಮೇಲೆಯೇ. ರೂಟರೂ ಪೈಯೂ ಗಿಗಾಬಿಟ್ ಎಂದು ಖುಷಿಯಿಂದ ಒಪ್ಪಿಕೊಂಡು, ನಾಲ್ಕು ಜೋಡಿಯಲ್ಲಿ ಶುರು ಮಾಡಲು ಹೋಗಿ, ಎರಡು ಜೋಡಿ ಸಿಗದೆ, ಮತ್ತೆ ಮೊದಲಿನಿಂದ ಒಪ್ಪಂದಕ್ಕೆ ಕೂರುತ್ತಿದ್ದವು. ಕೆಲವು ಚಿಪ್ಪುಗಳು ನಾಲ್ಕಾರು ಬಾರಿ ಸೋತ ಮೇಲೆ ತಾವೇ ನೂರಕ್ಕೆ ಇಳಿಯುತ್ತವೆ. ಇಲ್ಲಿ ಹಾಗಾಗಲಿಲ್ಲ.

ಹೊಸ ಕೇಬಲ್ ಎಳೆಸಿ ಎನ್ನಬಹುದಿತ್ತು. ಮಳೆಯ ಎಣಿಕೆಗೆ ಗಿಗಾಬಿಟ್ ಯಾಕೆ? ಆತ ಈಥ್‌ಟೂಲ್ ಬಳಸಿ, ಒಪ್ಪಂದದ ಹೊತ್ತಿನಲ್ಲಿ 100ರ ವೇಗವೊಂದನ್ನೇ ಹೇಳಿಕೊಳ್ಳುವಂತೆ ಪೈಗೆ ಕಟ್ಟು ಹಾಕಿದ. ಇಲ್ಲಿ ಒಂದು ಸೂಕ್ಷ್ಮವಿದೆ. ಒಪ್ಪಂದವೇ ಬೇಡ, ನೂರಕ್ಕೆ ನಿಲ್ಲು ಎಂದು ಒಂದೇ ತುದಿಗೆ ಬಲವಂತ ಮಾಡಿದರೆ, ಇನ್ನೊಂದು ತುದಿಗೆ ಎದುರಿನವರು ಎರಡೂ ದಿಕ್ಕಿಗೆ ಒಟ್ಟಿಗೆ ಮಾತಾಡುತ್ತಾರೋ ಸರದಿಯಲ್ಲೋ ತಿಳಿಯುವುದಿಲ್ಲ. ಅದು ಸರದಿ ಎಂದೇ ಹಿಡಿಯುತ್ತದೆ. ಆಗ ನೆಟ್ ಇರುತ್ತದೆ, ಆದರೆ ಡಿಕ್ಕಿಗಳ ಮೇಲೆ ಡಿಕ್ಕಿಯಾಗಿ ಕುಂಟುತ್ತದೆ. ಆದ್ದರಿಂದ ಒಪ್ಪಂದ ಉಳಿಯಬೇಕು, ಆಯ್ಕೆ ಮಾತ್ರ ಕಡಿಮೆಯಾಗಬೇಕು. ಯಂತ್ರ ಮತ್ತೆ ಶುರುವಾದಾಗಲೂ ಆ ಸಾಲು ಓಡುವಂತೆ ಬರೆದಿಟ್ಟು, ತುದಿಗೆ ಹೊಸ ಪ್ಲಗ್ಗು ಕ್ರಿಂಪ್ ಮಾಡಿದ ಮೇಲೆ ದೀಪ ಸ್ಥಿರವಾಗಿ ನಿಂತಿತು.

"ಅಷ್ಟೇ ಸಾಕು. ಕ್ಯಾಮೆರಾನೂ ಇರವು, ಮಳೆನೂ ಬರೆಯವು" ಎಂದು ಹಿರಿಯರು ಕವಳದ ತಟ್ಟೆ ಮುಂದೆ ತಳ್ಳಿದರು.

ಅಂದಿನಿಂದ ಹೊಸ ಮನೆಗೆ ಹೋದಾಗ ಆತ ಮೊದಲು ಕೇಳುವುದು ತಂತಿ ಎಲ್ಲಿಂದ ಎಲ್ಲಿಗೆ, ಯಾವ ದಾರಿಯಲ್ಲಿ ಹೋಗಿದೆ, ಅದನ್ನು ಕಳೆದ ಬಾರಿ ಮುಟ್ಟಿದವರು ಯಾರು ಎಂದು. ಗೂಗಲ್ಲಿನಲ್ಲಿ ಸಿಗುವ ಸಲಹೆಗಳೆಲ್ಲ ಕೀಬೋರ್ಡಿನಿಂದ ಶುರುವಾಗುತ್ತವೆ. ಬರೆದವರು ಮೇಜಿನ ಮುಂದೆ ಕೂತವರು. ಅವರ ಕೇಬಲ್ ಮೇಜಿನಿಂದ ಗೋಡೆಗೆ ಒಂದು ಮೀಟರ್. ಮಲೆನಾಡಿನ ಕೇಬಲ್ ಬಾವಿಕಟ್ಟೆ, ಹಲಸಿನ ಮರ, ಸ್ನಾನದ ಮನೆಯ ಹೊಗೆಗಳನ್ನೆಲ್ಲ ದಾಟಿ ಬರಬೇಕು.

ನೀರಿನ ಕಥೆಯೂ ಹಾಗೆಯೇ. ಮಳೆನೀರು ಪ್ಲಗ್ಗಿನ ಮೇಲೆ ಬೀಳಬೇಕೆಂದೇನಿಲ್ಲ. ಹೊರಗೆಲ್ಲೋ ಮೊಳೆಗೆ ತಾಗಿ ಕೇಬಲಿನ ಸಿಪ್ಪೆ ಹರಿದಿದ್ದರೆ ಸಾಕು, ಅಲ್ಲಿ ಒಳಹೊಕ್ಕ ನೀರು ಸಿಪ್ಪೆಯೊಳಗೇ ಹರಿದು, ಒಣಗಿದ ಕೋಣೆಯ ಪ್ಲಗ್ಗಿನಲ್ಲಿ ಇಳಿಯುತ್ತದೆ. ಪಿನ್ನಿನ ಮೇಲಿನ ಚಿನ್ನದ ಲೇಪ ಅಗ್ಗದ ಪ್ಲಗ್ಗುಗಳಲ್ಲಿ ಹೆಸರಿಗೆ ಮಾತ್ರ. ಎರಡು ಮಳೆಗಾಲದೊಳಗೆ ಹಸಿರು ಕಿಲುಬು. ಕೇಬಲ್ ಪೂರ್ತಿ ತಾಮ್ರದ್ದಲ್ಲದೆ ತಾಮ್ರ ಬಳಿದ ಅಲ್ಯುಮಿನಿಯಮ್ ಆಗಿದ್ದರಂತೂ ಕತ್ತರಿಸಿದಲ್ಲಿ ಬಿಳಿ ಪುಡಿ ಉದುರುತ್ತದೆ. ಪೇಟೆಯಲ್ಲಿ ಅರ್ಧ ಬೆಲೆಗೆ ಸಿಗುವ ಸುರುಳಿಗಳಲ್ಲಿ ಹೆಚ್ಚಿನವು ಈ ಜಾತಿಯವೇ. ಚಾಕುವಿನಿಂದ ಎಳೆಯನ್ನು ಕೆರೆದು ನೋಡಿದರೆ ಗೊತ್ತಾಗುತ್ತದೆ: ಒಳಗೂ ಕೆಂಪಾಗಿದ್ದರೆ ತಾಮ್ರ, ಬೆಳ್ಳಗಾದರೆ ಬಿಟ್ಟುಬಿಡಿ. ಕೇಬಲ್ ಗೋಡೆಯೊಳಗೆ ಹೋಗುವ ಮೊದಲು ಅದನ್ನು ಒಂದು ಗೇಣು ಕೆಳಗೆ ಜೋಲಿಸಿ ಮೇಲೆತ್ತಿದರೆ ಹೊರಮೈಯ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

ಸಿಡಿಲು ಇದಕ್ಕಿಂತ ಚುರುಕು. ಮನೆಯ ಮೇಲೆ ಬೀಳುವುದು ಬೇಡ, ಹತ್ತಿರದ ತೆಂಗಿನ ಮರಕ್ಕೆ ಬಡಿದರೂ ಎರಡು ಕಟ್ಟಡಗಳ ನಡುವೆ ಎಳೆದ ಉದ್ದ ತಂತಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟಬಹುದು. ಈಥರ್ನೆಟ್ ಪೋರ್ಟಿನೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್ ತಡೆಯುವುದು 1500 ವೋಲ್ಟಿನ ಪರೀಕ್ಷೆಯನ್ನು. ಅದಕ್ಕೂ ಮೇಲಾದರೆ ಪೋರ್ಟು ಹೋಗುತ್ತದೆ, ಯಂತ್ರ ಉಳಿಯುತ್ತದೆ. ಇದನ್ನು ಆತ ಬಹಳ ಕಂಡಿದ್ದಾನೆ. ಪೈ ಶುರುವಾಗುತ್ತದೆ, ವೈಫೈ ಹಿಡಿಯುತ್ತದೆ, ಆದರೆ ಐಪಿ ಲಿಂಕ್ ಆಜ್ಞೆಗೆ 'ನೋ ಕ್ಯಾರಿಯರ್' ಎಂಬ ಒಂದೇ ಉತ್ತರ, ಯಾವ ಕೇಬಲ್ ಹಾಕಿದರೂ. ಆಗ ಕೆಲವು ನೂರು ರೂಪಾಯಿಯ ಯುಎಸ್‌ಬಿ ಈಥರ್ನೆಟ್ ಅಡಾಪ್ಟರ್ ಚುಚ್ಚಿದರೆ ಮುಗಿಯಿತು. ರಿಯಲ್‌ಟೆಕ್, ಏಸಿಕ್ಸ್ ಚಿಪ್ಪಿನವಾದರೆ ಡ್ರೈವರ್ ಕರ್ನಲ್ಲಿನಲ್ಲೇ ಇರುತ್ತದೆ. ಈಥ್0 ಸತ್ತಲ್ಲಿ ಈಥ್1 ಎದ್ದು ಕೂರುತ್ತದೆ. ಹಿನ್ನೀರಿನಾಚೆಯ ತುಮರಿ ಕಡೆಯ ಮನೆಗಳಿಗೆ ಹೋಗುವಾಗ ಆತ ಬ್ಯಾಗಿನಲ್ಲಿ ಒಂದೆರಡು ಅಡಾಪ್ಟರ್ ಇಲ್ಲದೆ ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತುತ್ತಿರಲಿಲ್ಲ. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ರಾತ್ರಿ ಅಲ್ಲೇ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಆ ಭಯ ಹೋಯಿತು, ಲಾಂಚಿನ ಮೇಲಿನ ಹರಟೆಯೂ ಹೋಯಿತು.

ಮನೆಯಿಂದ ಕೊಟ್ಟಿಗೆಗೆ ತಾಮ್ರವೇ ಬೇಡ ಎಂಬುದು ಈಗ ಆತನ ಹಟ. ಎರಡು ತುದಿಗೆ ಎರಡು ಮೀಡಿಯಾ ಕನ್ವರ್ಟರ್, ನಡುವೆ ಫೈಬರ್. ಗಾಜಿಗೆ ಸಿಡಿಲಿನ ಹಂಗಿಲ್ಲ. ಆದರೆ ಊರಲ್ಲಿ ಸಿಗುವ ಫೈಬರ್ ಡ್ರಾಪ್ ಕೇಬಲಿನಲ್ಲಿ ಬಿಗಿ ನಿಲ್ಲಲೆಂದು ಉಕ್ಕಿನ ತಂತಿಯೊಂದು ಜೊತೆಗೇ ಇರುವುದುಂಟು. ಅದನ್ನು ಗೋಡೆಯ ಹೊರಗೇ ಕತ್ತರಿಸಿ ಬಿಡದೆ ಪೆಟ್ಟಿಗೆಯವರೆಗೆ ತಂದರೆ, ಗಾಜಿನ ಪಕ್ಕದಲ್ಲಿ ಸಿಡಿಲಿಗೆ ರತ್ನಗಂಬಳಿ ಹಾಸಿದ ಹಾಗೆಯೇ.

ಎಲ್ಲ ದೂರೂ ತಂತಿಯದಲ್ಲ. ಪೈಯ ಹಳೆಯ ಮಾದರಿಗಳಲ್ಲಿ ಕರೆಂಟಿಲ್ಲದಾಗ ಓಡುವ ಗಡಿಯಾರವಿಲ್ಲ. 2023ರ ಐದನೆಯ ಮಾದರಿಯಲ್ಲಿ ಬಂತು, ಅದಕ್ಕೂ ಬ್ಯಾಟರಿ ಬೇರೆ ಕೊಳ್ಳಬೇಕು. ಆಶ್ಲೇಷ ಮಳೆಗೆ ನಾಲ್ಕು ದಿನ ಹೋದ ಕರೆಂಟು ಬಂದಾಗ ಯಂತ್ರ ಎಚ್ಚರವಾಗುವುದು ನಾಲ್ಕು ದಿನ ಹಿಂದಿನ ತಾರೀಕಿನಲ್ಲಿ. ಫೈಬರ್ ತುಂಡಾಗಿ ನೆಟ್ ಇನ್ನೂ ಬಂದಿರದಿದ್ದರೆ ತಾರೀಕು ತಿದ್ದುವವರಿಲ್ಲ. ಆ ಹೊತ್ತಿನ ಮಳೆಯೆಲ್ಲ ಹಳೆಯ ತಾರೀಕಿನ ಲೆಕ್ಕಕ್ಕೆ ಬೀಳುತ್ತದೆ. ನಗರದ ಕಡೆಯ ಆ ಹಿರಿಯರು ಇದನ್ನು ಯಂತ್ರಕ್ಕಿಂತ ಮೊದಲೇ ಪತ್ತೆ ಹಚ್ಚಿದ್ದರು, ಅವರ ನೋಟ್‌ಬುಕ್ಕಿನ ಅಂಕಿ ಹೊಂದಲಿಲ್ಲವಾದ್ದರಿಂದ. ನೆಟ್ ಬಂದ ಮೇಲೂ ತಾರೀಕು ಸರಿಹೋಗುವವರೆಗೆ ಪಿಂಗ್ ಓಡುತ್ತದೆ, ಅಪ್‌ಡೇಟ್ ಮಾತ್ರ ಸರ್ವರಿನ ಕಡತಕ್ಕೆ ಇನ್ನೂ ಸಮಯವಾಗಿಲ್ಲ ಎಂದು ಜಗಳಕ್ಕೆ ನಿಲ್ಲುತ್ತದೆ. ಬಟನ್ ಸೆಲ್ ಇಟ್ಟ ಒಂದು ಸಣ್ಣ ಗಡಿಯಾರದ ಮಾಡ್ಯೂಲ್ ಪಿನ್ನುಗಳ ಮೇಲೆ ಕೂರಿಸಿದಲ್ಲಿಗೆ ಆ ತಕರಾರು ಮುಗಿಯಿತು.

ತೀರ್ಥಹಳ್ಳಿ ಕಡೆಯ ಒಂದು ಶಾಲೆಯದು ಪೂರ್ತಿ ತಂತ್ರಾಂಶದ ಕಥೆ. ಅಲ್ಲಿ ಪೈಯೊಳಗೆ ಕಿವಿಕ್ಸ್ ಹಾಕಿ ಕನ್ನಡ ವಿಕಿಪೀಡಿಯವನ್ನು ಇಡಿಯಾಗಿ ತುಂಬಿಸಿದ್ದರು. ಹೊರಗಿನ ನೆಟ್ ಇಲ್ಲದಿದ್ದರೂ ಲ್ಯಾಬಿನ ಯಾವ ಕಂಪ್ಯೂಟರಿನಿಂದಲೂ ಮಕ್ಕಳು 192.168.1.50 ಎಂದು ಹೊಡೆದರೆ ಪುಟ ತೆರೆಯುತ್ತಿತ್ತು. ಯಾರೋ ಉತ್ಸಾಹಿ 2023ರ ಅಕ್ಟೋಬರಿನಲ್ಲಿ ಬಂದ, ಪೈಯ ಲಿನಕ್ಸಿನ ಬುಕ್‌ವರ್ಮ್ ಆವೃತ್ತಿಯನ್ನು ಹೊಸ ಕಾರ್ಡಿಗೆ ಏರಿಸಿ ಕೊಟ್ಟ ಮೇಲೆ ಆ ವಿಳಾಸ ಸತ್ತಿತು. ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಮೇಷ್ಟ್ರು ಹಳೆಯ ಟಿಪ್ಪಣಿಯಂತೆ ಡಿಎಚ್‌ಸಿಪಿಸಿಡಿಯ ಕಡತದಲ್ಲಿ ವಿಳಾಸ ಬರೆದೇ ಬರೆದರು. ಕಡತ ಉಳಿಯುತ್ತಿತ್ತು, ದೋಷ ಎಂದು ಯಂತ್ರ ಹೇಳುತ್ತಿರಲಿಲ್ಲ, ವಿಳಾಸ ಮಾತ್ರ ಬೇರೆಯೇ. 2015ರಿಂದ ಆ ಕೆಲಸ ನೋಡುತ್ತಿದ್ದ ಡಿಎಚ್‌ಸಿಪಿಸಿಡಿಯ ಜಾಗಕ್ಕೆ ಬುಕ್‌ವರ್ಮಿನಲ್ಲಿ ನೆಟ್‌ವರ್ಕ್ ಮ್ಯಾನೇಜರ್ ಬಂದಿತ್ತು. ಹಳೆಯ ಕಡತವನ್ನು ಓದುವವರೇ ಅಲ್ಲಿರಲಿಲ್ಲ.

"ಅಲ್ಲ ಮಾರಾಯ್ರೆ, ಬರೆದಿದ್ದನ್ನ ಓದೋದಿಲ್ಲ ಅಂತಾದ್ರೂ ಹೇಳ್ಬೇಕಲ್ಲ ಅದು?" ಎಂದು ಮೇಷ್ಟ್ರು ಸಿಡುಕಿದ್ದು ನ್ಯಾಯವಾದ ಮಾತೇ.

ಎನ್‌ಎಂ-ಟಿಯುಐ ಎಂಬ ನೀಲಿ ಪರದೆಯ ಮೆನುವಿನಲ್ಲಿ ವಿಳಾಸ ತುಂಬಿ, ಸಂಪರ್ಕವನ್ನು ಒಮ್ಮೆ ಆರಿಸಿ ಹಚ್ಚಿದ್ದಕ್ಕೆ ಕೆಲಸವಾಯಿತು. ಪೆಟ್ಟಿಗೆಯ ಮುಚ್ಚಳದ ಒಳಗೆ ಆತ ಒಂದು ಚೀಟಿ ಅಂಟಿಸಿದ: ಯಾವ ಆವೃತ್ತಿ, ವಿಳಾಸ ಎಲ್ಲಿ ಬರೆದಿದೆ, ಕೇಬಲ್ ಯಾವ ಕಿಟಕಿಯಿಂದ ಒಳಗೆ ಬಂದಿದೆ, ಎಂಟೂ ಎಳೆ ಹಾಕಿದೆಯೋ ನಾಲ್ಕೋ. 2025ರ ಅಕ್ಟೋಬರಿನಲ್ಲಿ ಬುಕ್‌ವರ್ಮಿಗಿಂತಲೂ ಹೊಸ ಆವೃತ್ತಿ ಬಂತು. ಏರಿಸಲೇ ಎಂದು ಮೇಷ್ಟ್ರು ಫೋನ್ ಮಾಡಿದ್ದರು. ಪರೀಕ್ಷೆ ಮುಗಿಯಲಿ, ಆಮೇಲೆ ಬೇರೆ ಕಾರ್ಡಿಗೆ ಹಾಕಿ ನೋಡೋಣ, ಈಗ ಓಡುತ್ತಿರುವ ಕಾರ್ಡನ್ನು ಯಾರೂ ಮುಟ್ಟುವುದು ಬೇಡ ಎಂದು ಆತ ಹೇಳಿದ್ದಾನೆ.